ಚರ್ಚ್ ಜಮೀನಿಗೆ ಕಾಗದ ಮಾಡಿಸಿಕೊಟ್ಟ ಕೋಲಾರದ ಆ ಮಹಡಿ ಆಫೀಸು, ನಮ್ಮ ಅನುಭವ

5ಕ್ಕೆ 4 ಸ್ಟಾರ್ ಕೊಡ್ತಿದೀನಿ. ಒಂದು ಸ್ಟಾರ್ ಯಾಕೆ ಕಮ್ಮಿ ಅಂತ ಆಮೇಲೆ ಬರೀತೀನಿ.

ಕೋಲಾರದಲ್ಲಿ ತಾಲ್ಲೂಕು ಆಫೀಸ್ ಕಡೆ ಜೆರಾಕ್ಸ್ ಅಂಗಡಿಗಳ ಮಧ್ಯೆ ಒಂದು ಕಿರಿದಾದ ಮೆಟ್ಟಿಲು ಹತ್ತಿದ್ರೆ ಈ ಆಫೀಸ್ ಸಿಗುತ್ತೆ. ಒಂದೇ ರೂಮು, ಎರಡು ಕಂಪ್ಯೂಟರು, ಒಂದು ಕಬ್ಬಿಣದ ಬೀರು, ಗೋಡೆ ತುಂಬ ಹಳ್ಳಿ ನಕ್ಷೆಗಳು. ನಡೆಸೋರು ಸರ್ವೆ ಇಲಾಖೇಲಿ ಕೆಲಸ ಮಾಡಿ ರಿಟೈರ್ ಆದವರು, ಜೊತೆಗೆ ಇಬ್ಬರು ಹುಡುಗರು. ಜಮೀನಿನ ದಾಖಲೆ ಚೆಕ್ ಮಾಡೋದು, ಪ್ರೈವೇಟಾಗಿ ಅಳೆದು ತೋರಿಸೋದು, ಕನ್ವರ್ಷನ್ (ಕೃಷಿ ಜಮೀನನ್ನ ಬೇರೆ ಬಳಕೆಗೆ ಬದಲಾಯಿಸೋ) ಅರ್ಜಿ ಆನ್‌ಲೈನಲ್ಲಿ ಹಾಕೋದು, ಇದಿಷ್ಟೇ ಅವರ ಕೆಲಸ. ಹೆಸರು ಹಾಕ್ಲಾ ಅಂತ ಕೇಳಿದ್ದಕ್ಕೆ "ಬೇಡಮ್ಮ, ಇರೋ ಫೈಲುಗಳನ್ನೇ ಮುಗಿಸೋಕಾಗ್ತಿಲ್ಲ" ಅಂದ್ರು, ಅದಕ್ಕೆ ಹಾಕಿಲ್ಲ. ನಾವೆಲ್ಲ ಸರ್ವೆ ಸಾರ್ ಅಂತೀವಿ.

ನಾನು ನಮ್ಮ ಸಭೆಯ ಕಮಿಟೀಲಿ ಖಜಾಂಚಿ, ಸರ್ಕಾರಿ ಶಾಲೆ ಟೀಚರ್ ಆಗಿ ರಿಟೈರ್ ಆದವಳು. ನಮ್ಮದು ಮೊದಲು 12 ಗುಂಟೆ ಜಾಗದಲ್ಲಿ ಶೀಟ್ ಹಾಕಿದ ಸಣ್ಣ ಪ್ರಾರ್ಥನಾ ಮಂದಿರ, ಭಾನುವಾರ ಆರಾಧನೆಗೆ 80 ಜನ ಬರ್ತಿದ್ರು. ಈಗ ಸುತ್ತ ಹತ್ತು ಹಳ್ಳಿಯಿಂದ, ನರಸಾಪುರ ವೇಮಗಲ್ ಕಡೆ ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಬಂದು ಬಾಡಿಗೆಗೆ ಇರೋರಿಂದ ಎಲ್ಲ ಸೇರಿ 600 ಜನ ಆಗ್ತಾರೆ, ಅರ್ಧ ಜನ ಹೊರಗೆ ಬಿಸಿಲಲ್ಲಿ ಮರದ ಕೆಳಗೆ ಕೂರ್ತಾರೆ, ಮಕ್ಕಳನ್ನ ಎತ್ಕೊಂಡ ಹೆಣ್ಮಕ್ಕಳು ಗೇಟ್ ಹತ್ರ ನಿಂತೇ ಪ್ರಾರ್ಥನೆ ಮಾಡಿ ಹೋಗ್ತಾರೆ. ಅದನ್ನ ನೋಡಿ ನೋಡಿ ಹೊಟ್ಟೆ ಉರೀತಿತ್ತು. 800 ಜನ ಕೂರೋ ಹಾಲ್ ಕಟ್ಬೇಕು ಅಂತ ತೀರ್ಮಾನ ಮಾಡಿದ್ವಿ. ಹಳ್ಳಿ ಕಡೆಗೆ 800 ಜನದ ಚರ್ಚ್ ಅಂದ್ರೆ ದೊಡ್ಡದೇ.

ಈ ಆಫೀಸ್ ಸಿಗೋಕ್ಕಿಂತ ಮುಂಚೆ ಒಬ್ಬ ಬ್ರೋಕರ್ ಹತ್ರ ಹೋಗಿ ಒಂದು ವರ್ಷ ಮತ್ತೆ 60 ಸಾವಿರ ರೂಪಾಯಿ ಕಳ್ಕೊಂಡ್ವಿ. ಆ ಮನುಷ್ಯ ಹೇಳಿದ್ದು ಏನಂದ್ರೆ, ಚರ್ಚ್ ಅಂತ ಬರೆದ್ರೆ ಅರ್ಜಿ ಮುಂದಕ್ಕೆ ಹೋಗಲ್ಲ, ವಾಸದ ಉದ್ದೇಶ ಅಂತ ಹಾಕಿ ಕನ್ವರ್ಷನ್ ತಗೊಳ್ಳೋಣ, ಮನೆ ಅಂತ ಪ್ಲಾನ್ ಮಾಡಿಸಿ ಆಮೇಲೆ ಹಾಲ್ ಕಟ್ಟಿ, ಯಾರು ಕೇಳ್ತಾರೆ ಅಂತ. ಕಮಿಟೀಲಿ ಕೆಲವರು ಒಪ್ಪಿಬಿಟ್ಟಿದ್ರು, ನಿಜ ಹೇಳ್ಬೇಕಂದ್ರೆ ನಾನೂ ಸುಮ್ನಿದ್ದೆ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತೆ. ದೇವರ ಮನೆಗೆ ಮೊದಲನೇ ಕಲ್ಲೇ ಸುಳ್ಳಿನ ಮೇಲೆ ಇಡೋಕೆ ಹೊರಟಿದ್ವಲ್ಲ.

ಸರ್ವೆ ಸಾರ್ ಹತ್ರ ಹೋದ ಮೊದಲನೇ ದಿನಾನೇ ಆ ಹಳೇ ಅರ್ಜಿ ಕಾಪಿ ತೋರಿಸಿದ್ವಿ. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟು "ನಿಮ್ಮ ಉದ್ದೇಶ ಏನಿದೆಯೋ ಅದನ್ನೇ ಬರೀಬೇಕು, ಇಲ್ಲಾಂದ್ರೆ ನಾನು ಈ ಕೆಲಸ ಮಾಡಲ್ಲ" ಅಂತ ಹೇಳಿದ್ರು. ಆಮೇಲೆ ಅರ್ಧ ಗಂಟೆ ಕೂರಿಸಿ ಕಾನೂನು ವಿವರಿಸಿದ್ರು. ಕೃಷಿ ಜಮೀನನ್ನ ಬೇರೆ ಕೆಲಸಕ್ಕೆ ಬಳಸ್ಬೇಕು ಅಂದ್ರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆ 95ನೇ ಸೆಕ್ಷನ್ ಕೆಳಗೆ ಡಿಸಿ ಅನುಮತಿ ಬೇಕು. ಅನುಮತಿ ಇಲ್ಲದೆ ಬಳಸಿದ್ರೆ 96ನೇ ಸೆಕ್ಷನ್ನಲ್ಲಿ ದಂಡ ಇದೆ, ತೆರವು ಇದೆ. ಒಂದು ಉದ್ದೇಶಕ್ಕೆ ಅನುಮತಿ ತಗೊಂಡು ಇನ್ನೊಂದಕ್ಕೆ ಬಳಸಿದ್ರೆ ಆದೇಶದ ಷರತ್ತು ಮುರಿದ ಹಾಗೆ, ಅವತ್ತು ಊರಲ್ಲಿ ಯಾರೋ ಒಬ್ಬರು ಒಂದು ಅರ್ಜಿ ಕೊಟ್ರೆ ಸಾಕು, ನಿಮ್ಮ ಇಡೀ ಕಟ್ಟಡ ತಪ್ಪಿನ ಕಡೆ ನಿಲ್ಲುತ್ತೆ. ಡಿಸಿ ಅರ್ಜಿ ತಿರಸ್ಕರಿಸೋಕೆ ಕಾಯ್ದೇಲಿ ಕಾರಣಗಳನ್ನೂ ಬರ್ದಿದಾರೆ, ಬೇರೆ ಕಾನೂನು ಮುರಿಯೋ ಹಾಗಿದ್ರೆ, ಸಾರ್ವಜನಿಕರಿಗೆ ತೊಂದರೆ ಆಗೋ ಹಾಗಿದ್ರೆ, ಸಾರ್ವಜನಿಕ ಹಿತಕ್ಕೆ ವಿರುದ್ಧ ಇದ್ರೆ, ಅರ್ಜಿದಾರ ಷರತ್ತು ಪಾಲಿಸೋಕಾಗದೆ ಇದ್ರೆ. "ಇದರಲ್ಲಿ ಚರ್ಚು ದೇವಸ್ಥಾನ ಮಸೀದಿ ಅಂತ ಎಲ್ಲೂ ಇಲ್ಲಮ್ಮ, ತೊಂದರೆ ಅಂತ ಇದೆ, ನಾವು ತೊಂದರೆ ಆಗದ ಹಾಗೆ ಪ್ಲಾನ್ ಮಾಡೋಣ" ಅಂದ್ರು. ಆ ಮಾತಿಗೇ ನಾನು ಅಡ್ವಾನ್ಸ್ ಕೊಟ್ಟಿದ್ದು.

ನಾಲ್ಕು ತಿಂಗಳಲ್ಲಿ ಡಿಸಿ ತೀರ್ಮಾನ ತಿಳಿಸದೆ ಇದ್ರೆ ಅನುಮತಿ ಸಿಕ್ಕಿದ ಹಾಗೆ ಅಂತ 95ರಲ್ಲಿ ಆಗ ಒಂದು ಮಾತಿತ್ತು, ಬ್ರೋಕರ್ ಅದನ್ನೇ ಮಂತ್ರದ ಥರ ಹೇಳ್ತಿದ್ದ, ತಿಂಗಳು ಎಣಿಸಿ ಕಟ್ಟಿಬಿಡಿ ಅಂತ. ಸರ್ವೆ ಸಾರ್ ಅದನ್ನ ನಂಬ್ಕೊಂಡು ತಳಪಾಯ ತೋಡ್ಬೇಡಿ, ಮಧ್ಯದಲ್ಲಿ ದಾಖಲೆ ಕೇಳಿ ಒಂದು ಪತ್ರ ಬಂದಿದ್ದು ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅಂದ್ರೆ ಲೆಕ್ಕ ಎಲ್ಲ ತಲೆಕೆಳಗು, ಕೈಯಲ್ಲಿ ಆದೇಶ ಇಟ್ಕೊಂಡೇ ಕಟ್ಟಿ ಅಂದ್ರು.

ಜಮೀನು ಹುಡುಕೋ ಕಥೆ ಇನ್ನೊಂದು. ಮೊದಲು ಟೌನ್‌ಗೆ ಹತ್ತಿರ ಒಂದು ಜಾಗ ನೋಡಿದ್ವಿ, ಎಲ್ರಿಗೂ ಇಷ್ಟ ಆಗಿತ್ತು. ಅದು ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿ ಒಳಗೆ ಬರುತ್ತೆ, ಮಾಸ್ಟರ್ ಪ್ಲಾನಲ್ಲಿ ಹಸಿರು ಬಣ್ಣ, ಅಂದ್ರೆ ಕೃಷಿ ವಲಯ. ಅಲ್ಲಿ ಭೂ ಬಳಕೆ ಬದಲಾವಣೆ ಬೇಕು ಅಂದ್ರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 14ಎ ಪ್ರಕಾರ ಪೇಪರಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಜನರಿಂದ ಆಕ್ಷೇಪಣೆ ಕರೀಬೇಕು, ಸಾರ್ವಜನಿಕ ಹಿತ ಇದೆ ಅಂತ ತೋರಿಸ್ಬೇಕು, ಅದಾದ ಮೇಲೆ ಕನ್ವರ್ಷನ್ ಕೆಲಸ. ಮಾಡಬಾರದು ಅಂತೇನಿಲ್ಲ, ಆದ್ರೆ ಕೂಲಿ ಮಾಡೋರು ಕಾಣಿಕೆ ಡಬ್ಬಿಗೆ ಹಾಕಿದ ಹತ್ತು ಇಪ್ಪತ್ತು ರೂಪಾಯಿಗಳನ್ನ ಅಷ್ಟು ವರ್ಷ ಅಡ್ವಾನ್ಸಲ್ಲಿ ಕಟ್ಟಿ ಹಾಕೋಕೆ ನನಗೆ ಧೈರ್ಯ ಬರ್ಲಿಲ್ಲ.

ಎರಡನೇ ಜಾಗ ಸ್ವಲ್ಪ ದೂರ, ರೇಟು ತುಂಬ ಕಮ್ಮಿ. ಸರ್ವೆ ಸಾರ್ ಹಳೇ ಪಹಣಿ, ಮ್ಯುಟೇಷನ್ ಎಲ್ಲ ತೆಗೆಸಿ ನೋಡಿ ಫೈಲ್ ಮುಚ್ಚಿಟ್ರು. ಅದು ದರಖಾಸ್ತಲ್ಲಿ ಸರ್ಕಾರ ಒಂದು ದಲಿತ ಕುಟುಂಬಕ್ಕೆ ಮಂಜೂರು ಮಾಡಿದ್ದ ಜಮೀನು, ಅಂಥ ಜಮೀನು ಕೈ ತಪ್ಪದ ಹಾಗೆ ಕಾಯೋ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಕೊಳ್ಳೋ ಹಾಗೇ ಇಲ್ಲ, 2023ರ ತಿದ್ದುಪಡಿ ಆದ ಮೇಲಂತೂ ವಾಪಸ್ ಕೇಳೋಕೆ ಕಾಲಮಿತಿ ಅನ್ನೋದೂ ಅಡ್ಡ ಬರಲ್ಲ. ಮಾರೋಕೆ ಬಂದಿದ್ದವರಿಗೆ ಮಗಳ ಮದುವೆ ಸಾಲ ಇತ್ತು. ನಮ್ಮ ಸಭೇಲಿ ಅರ್ಧಕ್ಕರ್ಧ ಜನ ಅಂಥ ಮನೆಗಳಿಂದ ಬಂದವರೇ, ಅವರ ತಾತಂದಿರ ಜಮೀನು ಹೀಗೇ ಸಾಲಕ್ಕೆ ಕೈ ಬಿಟ್ಟು ಹೋಗಿರೋದು. ಕಾನೂನು ಬಿಟ್ಟುಕೊಟ್ಟಿದ್ರೂ ಆ ಜಮೀನು ನಮಗೆ ಬೇಡ ಅಂತ ಪಾಸ್ಟರ್ ಅಯ್ಯನವರು ಅಲ್ಲೇ ಹೇಳಿದ್ರು. ನನಗೆ ಅವತ್ತು ನಮ್ಮ ಅಯ್ಯನವರ ಮೇಲೆ ಗೌರವ ಎರಡರಷ್ಟಾಯ್ತು.

ಮೂರನೇದು ಈಗ ನಾವು ತಗೊಂಡಿರೋದು, ಒಂದು 4 ಎಕರೆ 5 ಗುಂಟೆ ಸರ್ವೆ ನಂಬರಲ್ಲಿ 2 ಎಕರೆ 20 ಗುಂಟೆ. ಸಂಸ್ಥೆ ಹೆಸರಲ್ಲಿ ಜಮೀನು ತಗೊಳ್ಳೋ ವಿಷಯಕ್ಕೂ ಇಲ್ಲಿ ಒಂದು ಮಾತು ಹೇಳ್ಬೇಕು. ಹಿಂದೆ ಭೂ ಸುಧಾರಣಾ ಕಾಯ್ದೇಲಿ 79ಬಿ ಇತ್ತು, ಟ್ರಸ್ಟು, ಧಾರ್ಮಿಕ ಸಂಸ್ಥೆ ಇಂಥವು ಕೃಷಿ ಜಮೀನು ಇಟ್ಕೊಳ್ಳೋ ಹಾಗಿರ್ಲಿಲ್ಲ, ಅದಕ್ಕೇ ನಮ್ಮ ಹಳೇ 12 ಗುಂಟೇನ ಒಬ್ಬ ಹಿರಿಯರ ಹೆಸರಲ್ಲಿ ಮಾಡಿಸಿದ್ರು. ಅವರು ತೀರ್ಕೊಂಡ ಮೇಲೆ ಪಹಣಿ 9ನೇ ಕಾಲಂಗೆ ಅವರ ಮೂರು ಮಕ್ಕಳ ಹೆಸರು ಬಂತು, ಒಬ್ಬ ಮಗ ಸೈನ್ ಹಾಕಲ್ಲ ಅಂದ. ನಾಲ್ಕು ವರ್ಷ ಭಾನುವಾರ ಭಾನುವಾರ ಭಯದಲ್ಲೇ ಆರಾಧನೆ ಮಾಡಿದೀವಿ, ಯಾವತ್ತು ಬೀಗ ಹಾಕ್ತಾರೋ ಅಂತ. 2020ರ ತಿದ್ದುಪಡೀಲಿ 79ಎ, 79ಬಿ ಎರಡನ್ನೂ ತೆಗೆದುಹಾಕಿದಾರೆ, ಹಾಗಾಗಿ ಈ ಸಲ ನೇರವಾಗಿ ರಿಜಿಸ್ಟರ್ಡ್ ಟ್ರಸ್ಟ್ ಹೆಸರಿಗೇ ಮಾಡಿಸಿದ್ವಿ. ಆ ತಿದ್ದುಪಡಿ ರೈತರಿಗೆ ಒಳ್ಳೇದಾ ಕೆಟ್ಟದ್ದಾ ಅನ್ನೋದು ಬೇರೆ ಮಾತು, ನನಗೆ ಅದರಲ್ಲಿ ಭಯಾನೂ ಇದೆ, ದುಡ್ಡಿರೋರು ಬಂದು ಜಮೀನೆಲ್ಲ ಬಳಿದುಕೊಂಡು ಹೋಗ್ತಾರೆ ಅಂತ.

ಈಗ ನಿಜವಾದ ಕೆಲಸ ನೋಡಿ. ಸರ್ವೆ ಸಾರ್ ಪಹಣಿ ಕೈಯಲ್ಲಿ ಹಿಡ್ಕೊಂಡು 3ನೇ ಕಾಲಂ ಮೇಲೆ ಪೆನ್ನಿಟ್ಟು "ಇದನ್ನ ಓದಿದ್ರಾ" ಅಂದ್ರು. ಫೂಟ್ ಖರಾಬ್ ಬ, 0-05, ಅಂದ್ರೆ 5 ಗುಂಟೆ. ಯಾರೂ ಓದಿರ್ಲಿಲ್ಲ. ಎಲ್ಲರೂ ಒಟ್ಟು ವಿಸ್ತೀರ್ಣ ನೋಡಿ ಸುಮ್ನಾಗಿದ್ವಿ. ಅ ಖರಾಬು ಅಂದ್ರೆ ಸಾಗುವಳಿಗೆ ಬರದ ಜಾಗ, ಬ ಖರಾಬು ಅಂದ್ರೆ ಸಾರ್ವಜನಿಕರ ಉಪಯೋಗದ್ದು, ದಾರಿ, ಹಳ್ಳ, ಕಾಲುವೆ ಇಂಥದ್ದು, ಅದು ಮಾರೋರದ್ದೂ ಅಲ್ಲ ಕೊಳ್ಳೋರದ್ದೂ ಅಲ್ಲ. ಆಮೇಲೆ ಹಳೇ ಟಿಪ್ಪಣಿ (ಹಿಂದಿನ ಸರ್ವೆ ಅಳತೆ ಬರೆದ ಹಾಳೆ) ಕಾಪಿ ತೆಗೆಸಿದ್ರು, ಹಳದಿ ಬಣ್ಣಕ್ಕೆ ತಿರುಗಿದ ಹಾಳೆ, ಅದರಲ್ಲಿ ಅಳತೆ ಎಲ್ಲ ಸರಪಳಿ ಆಣೆ ಲೆಕ್ಕದಲ್ಲಿ. ಒಂದು ಸರಪಳಿ 33 ಅಡಿ, ಅದರಲ್ಲಿ 16 ಆಣೆ, 33ಕ್ಕೆ 33 ಅಡಿ ಅಂದ್ರೆ 1089 ಚದರ ಅಡಿ, ಅದೇ ಒಂದು ಗುಂಟೆ. ನಾನು ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳ್ಕೊಟ್ಟಿದೀನಿ, ಎಕರೆಗೆ 40 ಗುಂಟೆ ಅಂತ ಬಾಯಿಪಾಠ ಮಾಡಿಸಿದೀನಿ, ಆ ಗುಂಟೆ ಎಲ್ಲಿಂದ ಬಂತು ಅಂತ ಅವತ್ತು ಗೊತ್ತಾಯ್ತು.

ಜಮೀನಿಗೆ ಹೋಗಿ ಅಳೆದ್ರು. ಬೆಳಿಗ್ಗೆ ಏಳಕ್ಕೇ ಬಂದ್ರು, ಹುಡುಗರ ಹತ್ರ ಸ್ಯಾಟಲೈಟ್ ಸಿಗ್ನಲ್ ಹಿಡಿದು ಅಳೆಯೋ ರೋವರ್ ಮಿಷನ್ ಇತ್ತು, ಉದ್ದ ಕೋಲಿನ ಮೇಲೆ ಬಿಳೀ ಅಣಬೆ ಥರ. ಮೂರು ಗಡಿಕಲ್ಲು ಸಿಕ್ತು, ನಾಲ್ಕನೇದು ಸಿಗ್ಲೇ ಇಲ್ಲ, ಲಂಟಾನ ಪೊದೆ ಒಳಗೆ ಒಂದು ಗಂಟೆ ಹುಡುಕಿ ಕೊನೆಗೆ ಗುದ್ದಲಿ ತಾಗಿ ಟಣ್ ಅಂತ ಸದ್ದು ಬಂತು. ಆ ಕಲ್ಲಿನಿಂದ ಲೆಕ್ಕ ಹಾಕಿ ನೋಡಿದ್ರೆ, ಹಳೇ ಬ್ರೋಕರ್ ಪ್ಲಾನಲ್ಲಿ ಕಾರ್ ಪಾರ್ಕಿಂಗ್ ಅಂತ ತೋರಿಸಿದ್ದ ಪಶ್ಚಿಮದ ಮೂಲೆ ಪೂರ್ತಿ ಕಾಲುವೆ ಜಾಗ. ಇವತ್ತು ನೋಡಿದ್ರೆ ಬರೀ ತಗ್ಗು, ಹುಲ್ಲು ಬೆಳೆದಿದೆ, ನೀರಿಲ್ಲ. "ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಕೆರೆ ತುಂಬ್ತಿದೆ, ಒಂದು ಜೋರು ಮಳೆ ಬಂದ್ರೆ ಇದು ಎದ್ದು ಕೂರುತ್ತೆ, ಇಲ್ಲಿ ಮಣ್ಣು ತುಂಬಿ ಕಾರ್ ನಿಲ್ಲಿಸಿದ್ರೆ ಮೇಲಿನ ನಾಲ್ಕು ಜನರ ರಾಗಿ ಹೊಲ ಮುಳುಗುತ್ತೆ" ಅಂದ್ರು. 2018ರಿಂದ ನಮ್ಮ ಕೆರೆಗಳಿಗೆ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕಳಿಸೋ ಆ ನೀರು ಬರ್ತಿದೆ ಅನ್ನೋದು ಎಲ್ರಿಗೂ ಗೊತ್ತು, ಅದಕ್ಕೂ ನಮ್ಮ ಪಾರ್ಕಿಂಗ್‌ಗೂ ಸಂಬಂಧ ಇದೆ ಅಂತ ಯಾರಿಗೆ ಹೊಳೆದಿತ್ತು. ಆ 5 ಗುಂಟೆ ದುಡ್ಡನ್ನ ಮಾರೋರು ಕ್ರಯದಲ್ಲಿ ಕಡಿಮೆ ಮಾಡ್ಕೊಂಡ್ರು, ಅದನ್ನೂ ಸರ್ವೆ ಸಾರೇ ಕೂತು ಮಾತಾಡಿ ಮಾಡಿಸಿದ್ದು, ಅವರ ಫೀಸು ಅದರಲ್ಲೇ ಹುಟ್ಟಿತು ಅಂತ ಹೇಳ್ಬೇಕು.

ಊರಲ್ಲಿ ಮಾತು ಎದ್ದಿದ್ದೂ ಆ ವಾರದಲ್ಲೇ. ಚರ್ಚಿನೋರು ಕನ್ವರ್ಷನ್‌ಗೆ ಅರ್ಜಿ ಹಾಕಿದಾರಂತೆ ಅಂತ ಸುದ್ದಿ ಹಬ್ಬಿತು. ನಮಗೆ ಕನ್ವರ್ಷನ್ ಅಂದ್ರೆ ಜಮೀನು, ಡೈರಿ ಹತ್ರ ನಿಂತಿದ್ದವರಿಗೆ ಕನ್ವರ್ಷನ್ ಅಂದ್ರೆ ಮತಾಂತರ. ಊರಿಗೂರೇ ಮತಾಂತರಕ್ಕೆ ಡಿಸಿ ಹತ್ರ ಪರ್ಮಿಷನ್ ಕೇಳಿದಾರೆ ಅಂತ ಮಾತು ಹೋಗಿದೆ. ಎರಡು ದಿನ ನಮ್ಮ ಹೆಣ್ಮಕ್ಕಳು ಹಾಲು ಹಾಕೋಕೆ ಹೋಗೋಕೂ ಹೆದರಿದ್ರು. ನನಗೆ ಕಣ್ಣಲ್ಲಿ ನೀರು ಬಂತು, ಎಷ್ಟು ವರ್ಷದಿಂದ ಒಂದೇ ಊರಲ್ಲಿದೀವಿ, ನನ್ನ ಹತ್ರ ಓದಿದ ಮಕ್ಕಳೇ ಇವತ್ತು ಪಂಚಾಯಿತಿ ಮೆಂಬರು.

ಸರ್ವೆ ಸಾರ್‌ಗೆ ಫೋನ್ ಮಾಡಿದೆ. "ಟೀಚರಮ್ಮ, ಇನ್ಮೇಲೆ ಊರಲ್ಲಿ ಆ ಇಂಗ್ಲಿಷ್ ಪದ ಬಳಸಲೇ ಬೇಡಿ, ಭೂ ಪರಿವರ್ತನೆ ಅನ್ನಿ, ನಾಳೆ ನಾನೇ ನಕ್ಷೆ ತಗೊಂಡು ಬರ್ತೀನಿ, ಅರಳಿಕಟ್ಟೆ ಹತ್ರ ಎಲ್ರನ್ನೂ ಕರೀರಿ" ಅಂದ್ರು. ಬಂದ್ರು, ನಕ್ಷೆ ಹಾಸಿದ್ರು, ಅರ್ಜಿ ಪ್ರಿಂಟ್ ಓದಿ ಹೇಳಿದ್ರು, ಯಾವ ಸೆಕ್ಷನ್ ಏನು ಅಂತ ಬಿಡಿಸಿ ಹೇಳಿದ್ರು. ಈ ಸರ್ವಿಸ್‌ಗೆ ಅವರು ಒಂದು ರೂಪಾಯಿ ಬಿಲ್ ಹಾಕಿಲ್ಲ. ಮತಾಂತರದ ಮಾತು ಹತ್ತು ನಿಮಿಷದಲ್ಲಿ ಮುಗೀತು. ಆದ್ರೆ ಅಲ್ಲಿ ಬೇರೆ ಮಾತು ಶುರುವಾಯ್ತು, ಅದು ನಿಜವಾದ ಮಾತು.

ಪಕ್ಕದ ಜಮೀನಿನ ತಾತ ಎದ್ದು ನಿಂತ್ರು. ನಮ್ಮ ಪ್ಲಾನಲ್ಲಿ ಗೇಟು ಉತ್ತರಕ್ಕಿತ್ತು, ಬಂಡಿದಾರಿ ಕಡೆ, ಯಾಕಂದ್ರೆ ಆ ಕಡೆಯಿಂದ ನೋಡಿದ್ರೆ ಹೈವೇಯಿಂದ ಶಿಲುಬೆ ಕಾಣುತ್ತೆ ಅಂತ ಇಂಜಿನಿಯರ್ ಹೇಳಿದ್ರು. ಆ ಬಂಡಿದಾರಿ 12 ಅಡಿ ಇದೆ, ಮಣ್ಣು ದಾರಿ, ಅದರ ಪಕ್ಕದಲ್ಲೇ ರೇಷ್ಮೆ ಹುಳಕ್ಕೆ ಸೊಪ್ಪು ಬೆಳೆಯೋ ತಾತನ ಹಿಪ್ಪುನೇರಳೆ ತೋಟ. ತಾತ ಏನಂದ್ರು ಅಂದ್ರೆ, "ಅಮ್ಮಾ, ನೀವು ಪ್ರಾರ್ಥನೆ ಮಾಡ್ಕೊಳ್ಳಿ, ನಂದೇನೂ ತಕರಾರಿಲ್ಲ, ನನ್ನ ಸೊಪ್ಪಿನ ಮೇಲೆ ಧೂಳು ಕೂತ್ರೆ ನಾನು ಹುಳಕ್ಕೆ ಏನು ಹಾಕ್ಲಿ?" ಅಂತ. ಒಂದು ಎಲೆ ಕಿತ್ಕೊಂಡು ಬಂದಿದ್ರು ಜೇಬಲ್ಲಿ. ಟ್ರ್ಯಾಕ್ಟರ್ ಹೋದ ಮೇಲೆ ಕಿತ್ತಿದ್ದಂತೆ. ಬೆರಳಲ್ಲಿ ಒರೆಸಿ ನನಗೆ ತೋರಿಸಿದ್ರು, ಬೆರಳು ಕೆಂಪಾಗಿತ್ತು. ಹುಳ ನಾಲ್ಕನೇ ಜ್ವರ (ಮೇಯೋದು ಬಿಟ್ಟು ಪೊರೆ ಕಳಚೋ ಹೊತ್ತು) ಎದ್ದ ಮೇಲೆ ಆ ಏಳೆಂಟು ದಿನ ಹಗಲು ರಾತ್ರಿ ಮೇಯುತ್ತೆ, ಬೆಳೆಯ ಸೊಪ್ಪಲ್ಲಿ ಬಹುಪಾಲು ಆಗಲೇ ಬೇಕು, ಆಗ ಧೂಳು ಸೊಪ್ಪು ಬಿದ್ರೆ ಹುಳಕ್ಕೆ ರೋಗ ಬರುತ್ತೆ, ಗೂಡು ಕಟ್ಟೋಕೆ ಚಂದ್ರಿಕೆಗೆ ಹಾಕೋ ಹೊತ್ತಿಗೆ ಅರ್ಧ ಹುಳ ಇರಲ್ಲ. ಭಾನುವಾರ ಒಂದೇ ಬೆಳಿಗ್ಗೆ ನೂರು ಬೈಕು, ಅರವತ್ತು ಕಾರು ಆಟೋ ಆ ದಾರೀಲಿ ಹೋಗಿ ಬಂದ್ರೆ ತಾತನ ಒಂದು ಬೆಳೆ ಹೋಯ್ತು. ಇನ್ನೊಬ್ಬರು ಟೊಮ್ಯಾಟೊ ಬೆಳೆಗಾರರು, ಭಾನುವಾರಾನೂ ಕಿತ್ತು ಲೋಡ್ ಮಾಡಿ ಕೋಲಾರ ಎಪಿಎಂಸಿಗೆ ಹೋಗ್ಬೇಕು, ಆ ದಾರೀಲಿ ನಿಮ್ಮ ಕಾರ್ ನಿಂತಿದ್ರೆ ನನ್ನ ಕ್ರೇಟ್ ಗಾಡಿ ಎಲ್ಲಿ ಹೋಗುತ್ತೆ ಅಂದ್ರು.

ನಾನು ಹೇಳೋದು ಇದನ್ನೇ. ದೊಡ್ಡ ಚರ್ಚ್ ಹಳ್ಳಿಗೆ ಬಂದಾಗ ಜನ ವಿರೋಧ ಮಾಡ್ತಾರೆ ಅಂದ ತಕ್ಷಣ ನಾವು ಅದನ್ನ ಧರ್ಮದ ದ್ವೇಷ ಅಂತ ತಗೋತೀವಿ, ದ್ವೇಷ ಇರೋ ಕಡೆ ಇದೆ ಅದನ್ನ ನಾನು ಇಲ್ಲ ಅನ್ನಲ್ಲ ನಾವೂ ಅನುಭವಿಸಿದೀವಿ, ಆದ್ರೆ ಆ ತಾತನ ಬೆರಳಲ್ಲಿದ್ದಿದ್ದು ಧೂಳು. ಆ ಧೂಳಿಗೆ ಉತ್ತರ ಕೊಡೋ ಜವಾಬ್ದಾರಿ ನಮ್ಮದು.

ಸರ್ವೆ ಸಾರ್ ಅಲ್ಲೇ ಪೆನ್ಸಿಲ್ ತೆಗೆದು ಗೇಟನ್ನ ಪೂರ್ವಕ್ಕೆ ಹಾಕಿದ್ರು, ಪಂಚಾಯಿತಿ ಟಾರ್ ರೋಡ್ ಕಡೆ. ಆ ಕಡೆ ನಮಗೆ 45 ಅಡಿ ಮುಖ ಇದೆ, ತಗ್ಗು ಜಾಗ, ಮಣ್ಣು ಹೊಡೆಸಬೇಕು, ಒಳಗೆ ರಸ್ತೆಗೆ 6 ಗುಂಟೆ ಹೋಗುತ್ತೆ. ಕಮಿಟೀಲಿ ದೊಡ್ಡ ಗಲಾಟೆ ಆಯ್ತು. ಹೈವೇಗೆ ಕಾಣಲ್ಲ, ಖರ್ಚು ಜಾಸ್ತಿ, ನಮ್ಮ ದುಡ್ಡು ಕೊಟ್ಟು ತಗೊಂಡ ಜಾಗ ನಾವ್ಯಾಕೆ ಬಿಡಬೇಕು ಅಂತ. ಒಬ್ಬ ಅಣ್ಣ ಅಮೆರಿಕದಲ್ಲೆಲ್ಲ ಚರ್ಚ್ ಎಲ್ಲಿ ಬೇಕಾದ್ರೂ ಕಟ್ಟಬಹುದು, ಅಲ್ಲಿ ಕಾನೂನೇ ಇದೆ ಅಂದ್ರು. ನನ್ನ ತಂಗಿ ಮಗ ಅಲ್ಲಿ ಕೊಲೊರಾಡೋದಲ್ಲಿದಾನೆ, ಅವನನ್ನ ಕೇಳಿದೆ. ಕಾನೂನು ಇದೆ ದೊಡ್ಡಮ್ಮ, 2000ನೇ ಇಸವೀಲಿ ಬಂದಿದ್ದು, ಆರ್‌ಎಲ್‌ಯುಐಪಿಎ ಅಂತ, ವಲಯದ ನಿಯಮ ಹೇಳಿ ಧಾರ್ಮಿಕ ಸಂಸ್ಥೆ ಮೇಲೆ ವಿಪರೀತ ಹೊರೆ ಹಾಕಬಾರದು, ಬೇರೆ ಸಂಸ್ಥೆಗಳಿಗಿಂತ ಕೀಳಾಗಿ ನೋಡಬಾರದು ಅಂತ ಇದೆ, ಆದ್ರೆ ಎಲ್ಲಿ ಬೇಕಾದ್ರೂ ಕಟ್ಟಿ ಅಂತ ಇಲ್ಲ ಅಂದ. ಅವರ ಕಡೆ ಬೋಲ್ಡರ್ ಕೌಂಟೀಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ರಾಕಿ ಮೌಂಟನ್ ಕ್ರಿಶ್ಚಿಯನ್ ಚರ್ಚ್ ಅಂತ ಕೃಷಿ ವಲಯದಲ್ಲಿರೋ ದೊಡ್ಡ ಚರ್ಚು, ಕಟ್ಟಡ ಇನ್ನೂ ದೊಡ್ಡದು ಮಾಡ್ತೀವಿ ಅಂತ ಅನುಮತಿ ಕೇಳಿದ್ರೆ 2006ರಲ್ಲಿ ಕೌಂಟಿಯವರು ಆಗಲ್ಲ ಅಂದ್ರಂತೆ, ಹಳ್ಳಿ ವಾತಾವರಣ ಹಾಳಾಗುತ್ತೆ ಅಂತ. ಕೇಸ್ ಆಯ್ತು, 2008ರಲ್ಲಿ ಜ್ಯೂರಿ ಚರ್ಚ್ ಕಡೆ ತೀರ್ಪು ಕೊಡ್ತು, 2010ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡೀತು, 2011ರಲ್ಲಿ ಸುಪ್ರೀಂ ಕೋರ್ಟ್ ಕೌಂಟಿ ಅರ್ಜೀನ ವಿಚಾರಣೆಗೇ ತಗೊಳ್ಲಿಲ್ಲ. ಚರ್ಚ್ ಗೆಲ್ಲೋಕೆ ಒಂದು ಮುಖ್ಯ ಕಾರಣ ಏನಂದ್ರೆ, ಅದೇ ಕೌಂಟಿ ಹತ್ತಿರದ ಒಂದು ಪ್ರೈವೇಟ್ ಸ್ಕೂಲ್ ದೊಡ್ಡದಾಗೋಕೆ ಒಪ್ಪಿತ್ತು, ಚರ್ಚಿಗೆ ಮಾತ್ರ ಬೇಡ ಅಂದಿತ್ತು.

ಇದನ್ನ ಕಮಿಟೀಲಿ ಹೇಳಿದೆ. ಗೆದ್ದರು ಸರಿ, ಐದು ವರ್ಷ ಕೋರ್ಟಲ್ಲಿ ಹೋಯ್ತು. ನಮ್ಮ ಹತ್ರ ಐದು ವರ್ಷದ ವಕೀಲರ ಫೀಸ್ ಇದೆಯಾ? ಮತ್ತೆ ಆ ಪಾಠ ನಮಗೂ ಬೇಕು ನಮ್ಮ ಅಧಿಕಾರಿಗಳಿಗೂ ಬೇಕು, ನಮ್ಮ ಸುತ್ತ ಹೊಲದ ಮಧ್ಯೆ ಎಷ್ಟು ಕಲ್ಯಾಣ ಮಂಟಪ ಎದ್ದಿದೆ, ರೆಸಾರ್ಟ್ ಎದ್ದಿದೆ, ಅವಕ್ಕೂ 800 ಜನ ಬರ್ತಾರೆ, ರಾತ್ರಿ ಹನ್ನೊಂದರ ತನಕ ಡಿಜೆ ಹೊಡೀತಾರೆ. ಅಳತೆಗೋಲು ಒಂದೇ ಇರ್ಲಿ, ಮಂಟಪಕ್ಕೂ ಅದೇ, ದೇವಸ್ಥಾನಕ್ಕೂ ಅದೇ, ಚರ್ಚಿಗೂ ಅದೇ. ನಮಗೆ ವಿಶೇಷ ದಯೆ ಬೇಡ, ವಿಶೇಷ ಅಡ್ಡಿನೂ ಬೇಡ. ಕೊನೆಗೆ ಅಯ್ಯನವರು "ನೆರೆಯವನನ್ನ ಪ್ರೀತಿಸು ಅಂತ ವಾರಾವಾರ ಹೇಳೋದು ನಾನು, ನೆರೆಯವನ ಸೊಪ್ಪಿನ ಮೇಲೆ ಧೂಳು ಹಾಕಿ ಹೇಗೆ ಹೇಳ್ಲಿ" ಅಂದ್ರು, ಗೇಟು ಪೂರ್ವಕ್ಕೇ ಆಯ್ತು. ಉತ್ತರಕ್ಕೆ ಕಾಂಪೌಂಡು, ಅದರ ಒಳಗೆ ಸಾಲಾಗಿ ಸಿಲ್ವರ್ ಓಕ್.

ಅರ್ಜಿ ಹಾಕೋ ಹಂತ ಈಗ ಮೊದಲಿನಷ್ಟು ಕಷ್ಟ ಇಲ್ಲ, ಭೂ ದಾಖಲೆ ಪೋರ್ಟಲಲ್ಲೇ ಅಫಿಡವಿಟ್ ಸಮೇತ ಹಾಕ್ಬೇಕು. ನಮ್ಮದು ಸರ್ವೆ ನಂಬರಲ್ಲಿ ಒಂದು ಭಾಗ ಮಾತ್ರ ಆದ್ರಿಂದ ಆ ಭಾಗವನ್ನ ಅಳೆದು ಬೇರೆ ಮಾಡಿ ತೋರಿಸೋ 11ಇ ಸ್ಕೆಚ್ ಬೇಕಾಯ್ತು, ಅದನ್ನ ಸರ್ಕಾರದಿಂದ ನೇಮಕ ಆದ ಲೈಸೆನ್ಸ್ ಸರ್ವೇಯರ್ ಬಂದು ಮಾಡಿದ್ರು, ಸರ್ವೆ ಸಾರ್ ಮೊದಲೇ ಕಲ್ಲು ಹುಡುಕಿಟ್ಟಿದ್ದಕ್ಕೆ ಒಂದೇ ದಿನದಲ್ಲಿ ಆಯ್ತು. ಉದ್ದೇಶದ ಜಾಗದಲ್ಲಿ ಪ್ರಾರ್ಥನಾ ಮಂದಿರ ಅಂತಲೇ ಟೈಪ್ ಮಾಡಿದ್ರು, ಮಾಡೋವಾಗ ನನ್ನ ಕಡೆ ತಿರುಗಿ ನೋಡಿದ್ರು, ನಾನು ಹೂಂ ಅಂದೆ. ಅರ್ಜಿ ಜೊತೆಗೆ ಕಾಲುವೆ ಬಿಟ್ಟು, ಪಾರ್ಕಿಂಗ್ ಒಳಗೆ ತೋರಿಸಿ ಒಂದು ಪ್ಲಾನು, ತಾತನದ್ದೂ ಸೇರಿ ಅಕ್ಕಪಕ್ಕದ ಏಳು ಜನ ರೈತರು ಸೈನ್ ಹಾಕಿದ ಒಂದು ಪತ್ರ. ಆ ಪತ್ರ ಕಾನೂನಲ್ಲಿ ಕೇಳಿಲ್ಲ, ಆದ್ರೆ ಸ್ಥಳ ತನಿಖೆಗೆ ಕಂದಾಯ ಇಲಾಖೆಯ ಆರ್‌ಐ ಬಂದಾಗ ಅದೇ ಮಾತಾಡ್ತು. ಸೌಂಡ್ ಬಗ್ಗೆನೂ ನಾವೇ ಬರ್ಕೊಟ್ವಿ, 2000ರ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಲೌಡ್‌ಸ್ಪೀಕರ್ ಹಾಕೋ ಹಾಗಿಲ್ಲ, ವಾಸದ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ನಾವು ಹೊರಗೆ ಸ್ಪೀಕರೇ ಕಟ್ಟಲ್ಲ ಅಂತ ಬರ್ದಿದೀವಿ. ಆರಾಧನೆ ಒಳಗಿರೋರಿಗೆ ಕೇಳಿದ್ರೆ ಸಾಕು.

ಆದೇಶ ಬಂತು. ಆ ಕಾಗದ ನೋಡಿದ ದಿನ ನಾನು ಅದನ್ನ ಮನೇಲಿ ನಮ್ಮ ಯಜಮಾನರ ಫೋಟೋ ಮುಂದೆ ಇಟ್ಟೆ, ಶೀಟ್ ಮಂದಿರಕ್ಕೆ ಮೊದಲನೇ ಇಟ್ಟಿಗೆ ಹೊತ್ತವರು ಅವರು.

ಈಗ ಆ ಒಂದು ಸ್ಟಾರ್ ವಿಷಯ. ಫೋನ್ ಎತ್ತಲ್ಲ, ಇದು ದೊಡ್ಡ ಕಂಪ್ಲೇಂಟು. ಹತ್ತು ಸಲ ಮಾಡಿದ್ರೆ ಒಂದು ಸಲ ಎತ್ತುತ್ತಾರೆ, ಫೀಲ್ಡಲ್ಲಿದೀನಿ ಅಂತ ಇಟ್ಟುಬಿಡ್ತಾರೆ. ಎರಡು ಸಲ ಹಳ್ಳಿಯಿಂದ ಬಸ್ ಹಿಡ್ಕೊಂಡು ಬಂದು ಬೀಗ ನೋಡಿ ವಾಪಸ್ ಹೋಗಿದೀನಿ, ನನ್ನ ಮಂಡಿ ನೋವಲ್ಲಿ ಆ ಮೆಟ್ಟಿಲು ಹತ್ತಿ ಇಳಿಯೋದು ಸುಲಭ ಇಲ್ಲ. ದುಡ್ಡಿಗೆ ರಸೀತಿ ಕೊಡಲ್ಲ, ನಾನು ಖಜಾಂಚಿ, ಸಭೆಗೆ ಲೆಕ್ಕ ಒಪ್ಪಿಸ್ಬೇಕು, ಮೂರು ಸಲ ಕೇಳಿದ ಮೇಲೆ ಲೆಟರ್‌ಹೆಡ್ ಮೇಲೆ ಬರ್ಕೊಟ್ರು. ಒಟ್ಟು ಅವರ ಫೀಸು 45 ಸಾವಿರ ಆಯ್ತು, ಸರ್ಕಾರಕ್ಕೆ ಕಟ್ಟಿದ್ದು ಬೇರೆ, ಅದೆಲ್ಲ ಚಲನ್ ಮೂಲಕವೇ ಕಟ್ಟಿಸಿದ್ರು, ಕೈಯಲ್ಲಿ ಯಾರಿಗೂ ಕೊಡಿಸ್ಲಿಲ್ಲ. ಬ್ರೋಕರ್ 60 ಸಾವಿರ ತಗೊಂಡು ಸುಳ್ಳು ಬರೆದ, ಇವರು 45ಕ್ಕೆ ನಿಜ ಬರೆದ್ರು.

ಅರ್ಜೆಂಟ್ ಇರೋರಿಗೆ ಇವರು ಆಗಲ್ಲ. ನಮಗೆ ಮೊದಲನೇ ದಿನದಿಂದ ಆದೇಶ ಕೈಗೆ ಬರೋ ತನಕ 11 ತಿಂಗಳು ಆಯ್ತು, ಅದರಲ್ಲಿ ಅರ್ಧ ನಮ್ಮ ಜಗಳಕ್ಕೇ ಹೋಯ್ತು ಅನ್ನಿ. ಚರ್ಚೇ ಆಗ್ಬೇಕು ಅಂತಿಲ್ಲ, ಶಾಲೆ, ಆಶ್ರಮ, ಮಂಟಪ, ಜನ ಸೇರೋ ಯಾವುದೇ ಕಟ್ಟಡಕ್ಕೆ ಹೊಲ ತಗೊಳ್ಳೋರು ಅಡ್ವಾನ್ಸ್ ಕೊಡೋಕೆ ಮುಂಚೆ ಒಂದು ಸಲ ಇವರ ಹತ್ರ ಪಹಣಿ ತೋರಿಸಿ. ಹೋಗೋವಾಗ ಹಳೇ ಪಹಣಿಗಳು, ಮ್ಯುಟೇಷನ್ ಕಾಪಿ, ಟಿಪ್ಪಣಿ, ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಇಸಿ (ಋಣಭಾರ ಪತ್ರ) ಎಲ್ಲ ಎರಡೆರಡು ಸೆಟ್ ಇಟ್ಕೊಂಡು ಹೋಗಿ, ಬೆಳಿಗ್ಗೆ ಹತ್ತರ ಒಳಗೆ ಹೋದ್ರೆ ಸಿಗ್ತಾರೆ, ಆಮೇಲೆ ಹೊಲದಲ್ಲಿರ್ತಾರೆ.

ನಮ್ಮ ಕೆಲಸ ಈಗ ತಳಪಾಯದ ಹಂತದಲ್ಲಿದೆ, ಪಂಚಾಯಿತಿ ಲೈಸೆನ್ಸೂ ಬಂದಿದೆ. ಹೋದ ವಾರ ಮಣ್ಣು ಹೊಡೆಯೋ ಟಿಪ್ಪರ್ ಡ್ರೈವರ್ ಹತ್ತಿರ ಆಗುತ್ತೆ ಅಂತ ಬಂಡಿದಾರೀಲಿ ನುಗ್ಗೋಕೆ ಬಂದಿದ್ದ, ನಾನು ಅಲ್ಲೇ ಇದ್ದೆ, ಕೈ ಅಡ್ಡ ಹಿಡಿದು ಟಾರ್ ರೋಡಿಂದ ಸುತ್ಕೊಂಡು ಬಾರಪ್ಪ ಅಂತ ವಾಪಸ್ ಕಳಿಸಿದೆ. ತಾತ ತೋಟದಲ್ಲಿ ಸೊಪ್ಪು ಕೊಯ್ತಾ ಇದ್ರು. ಹುಳ ಮೂರನೇ ಜ್ವರಕ್ಕೆ ಕೂತಿದೆ ಅಂದ್ರು.